ಕ್ಲಚ್ ಜಾರಿದರೆ ಏನು ಮಾಡೋಣ?

ಅಕ್ಕಂದಿರೇ, ಬಾವಿಯ ನೀರು ಸೇದುವುದು ನಮಗೆ ಗೊತ್ತು. ಹಗ್ಗವನ್ನು ಬಿಗಿಯಾಗಿ ಹಿಡಿದರೆ ಕೊಡ ಮೇಲೆ ಬರುತ್ತದೆ. ಹಿಡಿತ ಸಾಲದಿದ್ದರೆ ಹಗ್ಗ ಜಾರುತ್ತದೆ. ಅಂಗೈ ಉರಿಯುತ್ತದೆ.

ಜೀಪಿನ ಕ್ಲಚ್ಚೂ ಹೀಗೆಯೇ. ಅದು ಎಂಜಿನ್ನಿನ ಶಕ್ತಿಯನ್ನು ಹಿಡಿದು ಗಾಲಿಯ ಕಡೆಗೆ ಕೊಡುತ್ತದೆ.

ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿದವರುಂಟು. ಆಗ ಎಳೆಯುವ ಶಕ್ತಿ ಹೆಚ್ಚಬಹುದು. ಕೊಡ ದೊಡ್ಡದಾಯಿತು, ಹಿಡಿತ ಹಳೆಯದೇ ಉಳಿಯಿತು. ಆಗ ಕ್ಲಚ್ ಜಾರಬಹುದು.

ಇದರ ಗುರುತು ಏನು? ಏರು ದಾರಿಯಲ್ಲಿ ಎಂಜಿನ್ ಜೋರಾಗಿ ಕೂಗುತ್ತದೆ. ಗಾಡಿ ಮಾತ್ರ ಮುಂದೆ ಹೋಗಲ್ಲ. ಸುಟ್ಟ ವಾಸನೆ ಬರುತ್ತದೆ.

ದುಡಿಯುವ ಗಾಡಿ ನಿಂತರೆ ಮನೆಯ ಖರ್ಚಿಗೆ ಕಷ್ಟ. ಹಾಗಂತ "ದೊಡ್ಡ ಕ್ಲಚ್ ಹಾಕ್ಸಿ" ಅಂದ ಕೂಡಲೇ ದುಡ್ಡು ಕೊಡುವುದು ಬೇಡ. ಮೊದಲು ಮೂರು ಮಾತು ಕೇಳೋಣ.

1. ಪೆಡಲ್ ತುಳಿದಾಗ ಮೊದಲಿಗೆ ಸ್ವಲ್ಪ ಸಡಿಲ ಇರಬೇಕು. ಇದೆಯೇ?
2. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದೆಯೇ?
3. ಪ್ಲೇಟು ಸವೆದಿದೆಯೇ?

ತೊಂದರೆ ಇಲ್ಲೇ ಇದ್ದರೆ ಇದನ್ನೇ ಸರಿಪಡಿಸೋಣ. ಎಲ್ಲ ಸರಿಯಿದ್ದು, ಹೊಸ ಪ್ಲೇಟೂ ಜಾರಿದರೆ, ಆಗ ಕ್ಲಚ್ ಬದಲಿಸಬೇಕು. ಅದು ಆ ಎಂಜಿನ್ನಿಗೆ ತಕ್ಕದ್ದಾಗಿರಲಿ. ಅತಿ ಬಿಗಿಯಾದರೆ ಪೆಡಲ್ ತುಳಿದು ತುಳಿದು ಕಾಲು ನೋಯುತ್ತದೆ.

ನೆನಪಿಡೋಣ: ಎಂಜಿನ್ ಬದಲಿಸುವ ಮುಂಚೆ ಆರ್.ಟಿ.ಒ. ಒಪ್ಪಿಗೆ ಬೇಕು. ಆರ್.ಸಿ.ಯಲ್ಲೂ ಬರೆಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಹಣಕ್ಕೆ ತೊಂದರೆಯಾಗಬಹುದು.

ಓದಿ, ಉತ್ತರ ಹೇಳಿ:
ಕ್ಲಚ್ ಜಾರುವ ಗುರುತು ಯಾವುವು?
ದುಡ್ಡು ಕೊಡುವ ಮುಂಚೆ ಏನೇನು ಕೇಳಬೇಕು?