ನಿವೃತ್ತರಿಗೊಂದು ಉಪವೃತ್ತಿ: ಗಿಟಾರ್ ದುರಸ್ತಿ

ಪಡೀಲಿನಂತಹ ಪ್ರದೇಶದಲ್ಲಿ ಸ್ವಂತ ಮನೆ, ಮನೆಯ ಬದಿಗೊಂದು ಚಿಕ್ಕ ಕೊಠಡಿ ಹಾಗೂ ಮಾಸಿಕ ಪಿಂಚಣಿಯುಳ್ಳ ನಿವೃತ್ತರಲ್ಲಿ ಕೈಕೆಲಸದ ಅಭಿರುಚಿ ಇರುವವರಿಗೆ ಗಿಟಾರ್ ದುರಸ್ತಿಯು ಪರಿಶೀಲನಾರ್ಹವಾದ ಉಪವೃತ್ತಿ. ಮಂಗಳೂರಿನ ಚರ್ಚುಗಳ ಗಾಯನವೃಂದಗಳಲ್ಲಿಯೂ, 1986ರಲ್ಲಿ ಸ್ಥಾಪಿತವಾದ ಮಾಂಡ್ ಸೊಭಾಣ್ ಪೋಷಿಸಿಕೊಂಡು ಬಂದ ಕೊಂಕಣಿ ಸಂಗೀತ ವಲಯದಲ್ಲಿಯೂ ಈ ವಾದ್ಯ ಬಹುಕಾಲದಿಂದ ಬಳಕೆಯಲ್ಲಿದೆ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣವೂ ಬೆಂಗಳೂರು ಹೆದ್ದಾರಿಯೂ ಪಡೀಲಿನಲ್ಲಿಯೇ ಇರುವುದರಿಂದ ಬಂಟ್ವಾಳ, ಪುತ್ತೂರು ಕಡೆಯವರಿಗೂ ವಾದ್ಯವನ್ನು ತಂದೊಪ್ಪಿಸುವುದು ಕಷ್ಟವಲ್ಲ.

ಇಲ್ಲಿನ ಹವೆಯೇ ಈ ಕಸುಬಿಗೆ ಆಧಾರ. ಗಿಟಾರಿಗೆ ಶೇ. 45ರಿಂದ 55ರ ಆರ್ದ್ರತೆ ಹಿತಕರ. ಕರಾವಳಿಯ ಮಳೆಗಾಲದಲ್ಲಿ ಅದು ಶೇ. 80ನ್ನೂ ಮೀರುತ್ತದೆ. ತೇವ ಹೀರಿದ ಮೇಲ್ಹಲಗೆ ಉಬ್ಬಿದಾಗ ಬ್ರಿಡ್ಜ್ ಮೇಲೇಳುತ್ತದೆ, ತಂತಿಗಳು ಬೆರಳಿಗೆ ದೂರವಾಗುತ್ತವೆ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ಚಳಿಗಾಲದ ಒಣಹವೆಯಲ್ಲಾದರೋ ಮರ ಕುಗ್ಗಿ ಫ್ರೆಟ್‌ಗಳ ತುದಿಗಳು ಹೊರಚಾಚಿ ಅಂಗೈಗೆ ತಗಲುತ್ತವೆ. ಆದುದರಿಂದ ಇಲ್ಲಿ ಮೊದಲು ಕಲಿಯಬೇಕಾದುದು ಮುರಿದುದನ್ನು ಜೋಡಿಸುವ ಕೆಲಸವನ್ನಲ್ಲ, ಸರಿಹೊಂದಿಸುವ ಕೆಲಸವನ್ನು.

ಅದಕ್ಕೆ ಬೇಕಾದುದು ಉಕ್ಕಿನ ಅಳತೆಪಟ್ಟಿ, ಫೀಲರ್ ಗೇಜ್, ಸಣ್ಣ ಅರಗಳು ಮತ್ತು ಅಪಾರ ತಾಳ್ಮೆ. ಕುತ್ತಿಗೆಯ ಬಾಗು ನಡುವಿನಲ್ಲಿ ಸುಮಾರು 0.25 ಮಿ.ಮೀ. ಇರಬೇಕು, ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. 12ನೇ ಫ್ರೆಟ್‌ನ ಬಳಿ ತಂತಿಯನ್ನು 1 ಮಿ.ಮೀ. ಇಳಿಸಬೇಕಾದರೆ ಸ್ಯಾಡಲನ್ನು 2 ಮಿ.ಮೀ. ತೇಯಬೇಕು. ಮಳೆಗಾಲದಲ್ಲಿ ಹೀಗೆ ತೇಯ್ದ ಸ್ಯಾಡಲು, ಹಲಗೆ ಮತ್ತೆ ಇಳಿದಾಗ ಗಿಡ್ಡವಾಗಿ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಹಳೆಯ ಸ್ಯಾಡಲನ್ನು ಹಾಗೆಯೇ ಉಳಿಸಿ, ಮಳೆಗಾಲಕ್ಕೆಂದು ಬೇರೊಂದನ್ನು ಮಾಡಿಕೊಡುವುದೇ ಲೇಸು.

ಹೊಸಬರು ಹೆಚ್ಚು ಎಡವುವುದು ಅಂಟಿನಲ್ಲಿ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ. ಬಡಗಿಗಳು ಬಳಸುವ ಸಾಮಾನ್ಯ ಬಿಳಿ ಅಂಟು ಕುರ್ಚಿಗೆ ಸಾಕು. ನಿರಂತರ ಎಳೆತದಲ್ಲಿ ಅದು ನಿಧಾನವಾಗಿ ಜಾರುತ್ತದೆ. ಒಮ್ಮೆ ಅದು ಮರದೊಳಕ್ಕೆ ಇಳಿದರೆ ಮುಂದಿನ ದುರಸ್ತಿಯೂ ಹದಗೆಡುತ್ತದೆ. ಎದ್ದ ಬ್ರಿಡ್ಜನ್ನು ಪೂರ್ತಿ ಬಿಡಿಸಿ, ಹಳೆಯ ಅಂಟನ್ನು ತೆಗೆದು, ವಾದ್ಯವನ್ನು ಹದವಾದ ಒಣಹವೆಯಲ್ಲಿ ಕೆಲದಿನ ಇರಿಸಿದ ಬಳಿಕವೇ ತಕ್ಕ ಅಂಟಿನಿಂದ ಕೂಡಿಸಬೇಕು. ಇದನ್ನು ಅಗ್ಗದ ಹಳೆಯ ಗಿಟಾರುಗಳ ಮೇಲೆ ಹಲವು ಬಾರಿ ಮಾಡಿ ನೋಡದೆ, ಬೇರೊಬ್ಬರ ವಾದ್ಯಕ್ಕೆ ಕೈಹಾಕುವುದು ಸರಿಯಲ್ಲ. ಡ್ಯಾನ್ ಎರ್ಲ್‌ವೈನ್ ಅವರ ‘ಗಿಟಾರ್ ಪ್ಲೇಯರ್ ರಿಪೇರ್ ಗೈಡ್’ 1990ರಲ್ಲಿ ಪ್ರಕಟವಾದುದಾದರೂ ಅಭ್ಯಾಸಿಗೆ ಇಂದಿಗೂ ಉಪಯುಕ್ತ.

ಬ್ರಿಡ್ಜ್ ಹಾಗೂ ಬೆರಳುಪಟ್ಟಿಗೆ ಜಗತ್ತಿನಾದ್ಯಂತ ಬಳಸುವ ಮರಗಳಲ್ಲಿ ನಮ್ಮ ಘಟ್ಟದ ಬೀಟೆಯೂ ಒಂದು. ಚಿಕ್ಕ ತುಂಡಾದರೂ ರಶೀದಿ ಸಹಿತ ಕೊಳ್ಳುವುದು ಕ್ಷೇಮ.

ಆದಾಯದ ವಿಚಾರ. ಲೆಕ್ಕಕ್ಕಾಗಿ ತಿಂಗಳಿಗೆ 10 ವಾದ್ಯ, ಒಂದಕ್ಕೆ 600 ರೂಪಾಯಿ ಮಜೂರಿ, ಸಾಮಗ್ರಿಗೆ 1,500 ರೂಪಾಯಿ ಖರ್ಚು ಎಂದಿಟ್ಟುಕೊಂಡರೆ ಉಳಿಯುವುದು 4,500 ರೂಪಾಯಿ. ನಿವೃತ್ತಿಯ ಇಡುಗಂಟಿನಿಂದ 1 ಲಕ್ಷ ತೆಗೆದು ಯಂತ್ರೋಪಕರಣ ಕೊಂಡರೆ, ಆ ಹಣ ಮರಳಲು 22 ತಿಂಗಳಿಗೂ ಹೆಚ್ಚು ಬೇಕು. ಮೊದಲ ವರ್ಷ ಕೈಸಲಕರಣೆಗಳಲ್ಲಿಯೇ ಸುಧಾರಿಸುವುದು ವಿವೇಕ.

ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಇಷ್ಟು ವಹಿವಾಟಿಗೆ ಜಿಎಸ್‌ಟಿ ನೋಂದಣಿಯೂ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಒಂದು ಅಂಶ ಹಲವರ ಗಮನಕ್ಕೆ ಬಾರದೆ ಹೋಗುತ್ತದೆ. ವ್ಯಾಪಾರದ ಆದಾಯವಿಲ್ಲದ 60 ವರ್ಷ ತುಂಬಿದ ನಿವಾಸಿಗಳಿಗೆ ಮುಂಗಡ ತೆರಿಗೆಯಿಂದ ವಿನಾಯಿತಿಯಿದೆ. ದುರಸ್ತಿಯ ಆದಾಯ ಬರತೊಡಗಿದರೆ ಅದು ಉಳಿಯದು. ಪಿಂಚಣಿ, ಬಡ್ಡಿ ಎಲ್ಲ ಸೇರಿ, ಮೂಲದಲ್ಲಿ ಕಡಿತವಾದುದನ್ನು ಕಳೆದು, ವರ್ಷದ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡವಾಗಿ ಕಟ್ಟಬೇಕು. ಅಂದಾಜು ಆದಾಯ ಪದ್ಧತಿಯನ್ನು ಆಯ್ದವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಪಾವತಿಸಬಹುದು.