ತಿಂಪ್ಸಿಲ: ಲಕೋಟಾ ಜನರ ಅನ್ನದ ಬೇರು

ಉತ್ತರ ಅಮೆರಿಕದ ಹುಲ್ಲುಬಯಲಿನ ಲಕೋಟಾ ಜನಾಂಗಕ್ಕೆ ತಿಂಪ್ಸಿಲವೆಂಬ ಗೆಡ್ಡೆ ಅನ್ನವೂ ಹೌದು, ಪಂಚಾಂಗವೂ ಹೌದು. ಜೂನ್ ತಿಂಗಳಿಗೆ ಅವರಿಟ್ಟ ಹೆಸರೇ ಈ ಗಿಡದ್ದು. ಅವರೆ, ಕಡಲೆಗಳ ಕುಟುಂಬಕ್ಕೆ ಸೇರಿದ ಇದನ್ನು ಬೇಸಗೆಯ ಮೊದಲಲ್ಲಿಯೇ ಅಗೆಯಬೇಕು. ಬಲಿತ ಕಾಂಡವು ಮುರಿದು ಗಾಳಿಗೆ ಉರುಳಿಹೋದರೆ ಗೆಡ್ಡೆಯಿರುವ ತಾಣವೇ ತಿಳಿಯದು. ಸ್ತ್ರೀಯರು ಕೋಲಿನಿಂದ ಅಗೆದು, ಸಿಪ್ಪೆ ಸುಲಿದು, ಬೇರಿನ ಎಳೆಗಳನ್ನು ಜಡೆಯಂತೆ ಹೆಣೆದು ಒಣಗಿಸುವರು. ಹೀಗೆ ಒಣಗಿದ ಗೆಡ್ಡೆ ಬಹುಕಾಲ ಕೆಡದು. ಸಾರಿನಲ್ಲಿ ಬೇಯಿಸಲೂ ಹಿಟ್ಟು ಮಾಡಲೂ ಒದಗುವುದು. ಪಿಷ್ಟದೊಡನೆ ಸಸಾರಜನಕವೂ ನಾರೂ ಇದರಲ್ಲಿವೆ.

ಈ ಅನ್ನಕ್ಕೆ ಆಪತ್ತು ಬಂದುದು ನೆಲವು ಕೈತಪ್ಪಿದಾಗ. 1868ರ ಒಪ್ಪಂದದಿಂದ ಲಕೋಟಾ ಜನರದೆಂದು ಒಪ್ಪಲಾಗಿದ್ದ ಬ್ಲ್ಯಾಕ್ ಹಿಲ್ಸ್ ಪ್ರದೇಶವನ್ನು ಅಮೆರಿಕ ಸರಕಾರವು 1877ರಲ್ಲಿ ಕಿತ್ತುಕೊಂಡಿತು. 1889ರಲ್ಲಿ ಉಳಿದ ಭೂಮಿಯನ್ನೂ ತುಂಡರಿಸಿತು. ಬೈಸನ್ ಹಿಂಡುಗಳು ನಾಶವಾದವು. ಹುಲ್ಲುಬಯಲು ನೇಗಿಲಿಗೆ ಸಿಕ್ಕಿತು. ಬಯಲಿನ ಆಹಾರದ ಸ್ಥಾನವನ್ನು ಸರಕಾರ ಹಂಚಿದ ಬಿಳಿಯ ಹಿಟ್ಟು, ಸಕ್ಕರೆ, ಕೊಬ್ಬುಗಳು ಆಕ್ರಮಿಸಿದವು. ಇಂದು ಆ ಜನರನ್ನು ಬಹುವಾಗಿ ಪೀಡಿಸುತ್ತಿರುವ ಮಧುಮೇಹಕ್ಕೆ ಬಡತನದೊಡನೆ ಈ ಆಹಾರಪಲ್ಲಟವೂ ಕಾರಣವಾಗಿದೆ.

ಆದರೂ ಅರಿವು ಅಳಿದಿಲ್ಲ. ಹಿರಿಯರು ಮಕ್ಕಳನ್ನು ಬಯಲಿಗೆ ಕರೆದೊಯ್ದು ಗಿಡದ ಗುರುತನ್ನು ತಮ್ಮ ನುಡಿಯಲ್ಲಿಯೇ ಕಲಿಸುತ್ತಿದ್ದಾರೆ. ಅಗೆದ ಕುಳಿಗೆ ಬೀಜವಿರುವ ತುದಿಯನ್ನು ಮರಳಿ ಇಟ್ಟು ಮಣ್ಣು ಮುಚ್ಚುವುದು ಅವರ ಸಂಪ್ರದಾಯ. ಪಡೆದ ನೆಲಕ್ಕೆ ಮುಂದಿನವರ ಪಾಲನ್ನು ಒಪ್ಪಿಸುವ ಈ ನಡೆಯೇ ಆರೋಗ್ಯದ ಮೊದಲ ಪಾಠ. ವಿದ್ಯೆಯ ಫಲವೂ ಇದೇ ಅಲ್ಲವೇ?