ಹಣೆಯ ನೆರಿಗೆ ಏನು ಹೇಳುತ್ತದೆ?

ಚನ್ನಗಿರಿಯ ಅಡಿಕೆಯ ತೋಟದಲ್ಲಾಗಲಿ ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಾಗಲಿ, ಒಬ್ಬನ ಬಾಯಿ ಇದ್ದಕ್ಕಿದ್ದಂತೆ ಒಂದು ಕಡೆಗೆ ಸೊಟ್ಟಗಾದರೆ ಜನರು ಆಡುವ ಮಾತು ಒಂದೇ: “ಲಕ್ವ ಹೊಡೆದಿದೆ.” ಆಯುರ್ವೇದ ಗ್ರಂಥಗಳಲ್ಲಿ ಇದಕ್ಕೆ ಅರ್ದಿತವೆಂದು ಹೆಸರು. ಹೆಸರು ಒಂದಾದರೂ ಅದರ ಹಿಂದಿರುವ ವ್ಯಾಧಿ ಒಂದಲ್ಲ. ಒಂದು ಬಗೆಯದು ಬಹುಮಂದಿಯಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಇನ್ನೊಂದರಲ್ಲಿ ಮಿದುಳಿನ ಒಂದು ಭಾಗಕ್ಕೆ ರಕ್ತವೇ ನಿಂತುಹೋಗಿರುತ್ತದೆ. ದೊಡ್ಡ ರಕ್ತನಾಳ ಮುಚ್ಚಿಹೋದಾಗ ನಿಮಿಷವೊಂದಕ್ಕೆ ಸುಮಾರು ೧೯ ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕಹಾಕಿದ್ದಾರೆ. ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಇಂತಹ ರೋಗಿಯನ್ನು ಅನೇಕ ವೇಳೆ ಮೊದಲು ಕಾಣುವವಳು ದಾದಿ. ಯಾವ ಯಂತ್ರದ ನೆರವೂ ಇಲ್ಲದೆ ಅವಳು ಈ ಎರಡನ್ನೂ ಹೇಗೆ ಬೇರ್ಪಡಿಸಬಲ್ಲಳೆಂಬುದನ್ನು ಈಗ ವಿಚಾರಿಸೋಣ.

ಮೊದಲು, ಸೋತಿರುವ ಭಾಗ ಯಾವುದು? ಬಾಯಿ ಎಡಕ್ಕೆ ಎಳೆದುಕೊಂಡಿದ್ದರೆ ಕೆಟ್ಟಿರುವುದು ಎಡಗಡೆ ಎಂದೇ ನೋಡುವವರು ಭಾವಿಸುತ್ತಾರೆ. ಹಗ್ಗಜಗ್ಗಾಟವನ್ನು ನೆನೆದರೆ ಉತ್ತರ ತಿಳಿಯುತ್ತದೆ. ಎರಡು ಕೆನ್ನೆಗಳ ಸ್ನಾಯುಗಳೂ ಸಮಬಲದಿಂದ ಎಳೆಯುತ್ತಿರುವವರೆಗೆ ಬಾಯಿ ನಡುವೆ ನಿಲ್ಲುತ್ತದೆ. ಬಲಗಡೆಯ ಬಲ ಕುಂದಿದೊಡನೆ ಫಲಿತಬಲ ಎಡಕ್ಕೆ ತಿರುಗುತ್ತದೆ. ಆದುದರಿಂದ ಬಾಯಿ ವಾಲಿರುವುದು ಆರೋಗ್ಯವಾದ ಕಡೆಗೆ.

ತಲೆಯ ೧೨ ಜೊತೆ ಕಪಾಲನರಗಳಲ್ಲಿ ೭ನೆಯದು ಮುಖದ ಸ್ನಾಯುಗಳನ್ನು ಆಡಿಸುವ ನರ. ಮುಖದ ಸ್ಪರ್ಶಜ್ಞಾನ ೫ನೆಯದರ ಪಾಲು. ಮುಖದ ನರಗಳಿಗೆ ಬೇರೆ ಬೇರೆ ಕೆಲಸಗಳಿವೆಯೆಂದು ಸರ್ ಚಾರ್ಲ್ಸ್ ಬೆಲ್ ೧೮೨೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಾದಿಸಿದನು. ೭ನೆಯ ನರವೇ ಊದಿಕೊಂಡು ಸೋಲುವ ವ್ಯಾಧಿಗೆ ಇಂದಿಗೂ ಅವನದೇ ಹೆಸರಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡು ಅಂತಸ್ತಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಕೆಳಗಿನ ಅಂತಸ್ತಿಗೆ ವಿದ್ಯುತ್ತು ಬರುವುದು ಒಂದು ಉಪಕೇಂದ್ರದಿಂದ. ಮೇಲಿನದಕ್ಕಾದರೋ ಎರಡು ಉಪಕೇಂದ್ರಗಳಿಂದಲೂ ಬರುತ್ತದೆ. ಆದರೆ ಬೀದಿಯ ಕಂಬದಿಂದ ಮನೆಯೊಳಕ್ಕೆ ಇವೆಲ್ಲವೂ ಒಂದೇ ಕೇಬಲ್ಲಿನಲ್ಲಿ ಸಾಗುತ್ತವೆ. ಒಂದು ಉಪಕೇಂದ್ರ ಕೆಟ್ಟರೆ ಕೆಳಗೆ ಮಾತ್ರ ಕತ್ತಲೆ. ಕೇಬಲ್ಲೇ ಕಡಿದರೆ ಎರಡು ಅಂತಸ್ತುಗಳಲ್ಲಿಯೂ ಕತ್ತಲೆ. ನಮ್ಮ ಮುಖದ ಏರ್ಪಾಡೂ ಹೀಗೆಯೇ. ಕೆನ್ನೆ ತುಟಿಗಳಿಗೆ ಆಜ್ಞೆ ಬರುವುದು ಹೆಚ್ಚಾಗಿ ಎದುರುಬದಿಯ ಅರೆಮಿದುಳಿನಿಂದ. ಹಣೆಗೆ ಎರಡೂ ಅರೆಗಳಿಂದ ಬರುತ್ತದೆ. ಕೇಬಲ್ಲಿನ ಸ್ಥಾನದಲ್ಲಿರುವುದು ೭ನೆಯ ನರ.

ಆದುದರಿಂದ ದಾದಿಯು ರೋಗಿಗೆ “ಹುಬ್ಬು ಮೇಲೆತ್ತಿ” ಎನ್ನುತ್ತಾಳೆ. ಬಾಯಿ ಸೋತಿದ್ದರೂ ಹಣೆಯ ಎರಡು ಭಾಗಗಳಲ್ಲಿಯೂ ನೆರಿಗೆ ಮೂಡಿದರೆ ದೋಷ ಮಿದುಳಿನಲ್ಲಿರಬೇಕು. ಅದು ಪಾರ್ಶ್ವವಾಯುವಿನ ಲಕ್ಷಣ. ಸೋತ ಕಡೆಯ ಹಣೆಯೂ ನುಣ್ಣಗೆ ಉಳಿದರೆ ದೋಷ ಬಹುಶಃ ನರದಲ್ಲಿದೆ. ಹಣೆಯೂ ಸೋತಿರುವ ಮುಖವೇ ಹೆಚ್ಚು ಕೆಟ್ಟುದಾಗಿ ಕಾಣುವುದು ಸಹಜ. ಹೆಚ್ಚಿನ ಅಪಾಯ ಮಾತ್ರ ಹಣೆ ಉಳಿದ ಮುಖದಲ್ಲಿದೆ! ವಾಚಕರು ಕನ್ನಡಿಯ ಮುಂದೆ ನಿಂತು ಈ ಪರೀಕ್ಷೆಯನ್ನು ತಾವೇ ಮಾಡಿನೋಡಬಹುದು: ಹುಬ್ಬೆತ್ತುವುದು, ರೆಪ್ಪೆಕೂದಲು ಅಡಗುವಂತೆ ಕಣ್ಣು ಮುಚ್ಚುವುದು, ಹಲ್ಲು ತೋರಿಸುವುದು, ಕೆನ್ನೆ ಉಬ್ಬಿಸುವುದು.

ಆದರೆ ಹಣೆಯೊಂದರ ಸಾಕ್ಷ್ಯವನ್ನೇ ನಂಬಿ ಕೂರುವಂತಿಲ್ಲ. ೭ನೆಯ ನರ ಹುಟ್ಟುವ ಮಿದುಳುಕಾಂಡದಲ್ಲಿಯೇ ರಕ್ತ ನಿಂತರೆ ಹಣೆಯೂ ಸೋಲಬಹುದು. ಎರಡು ಕೈಗಳನ್ನೂ ಮುಂದಕ್ಕೆ ಚಾಚಿಸಿದಾಗ ಒಂದು ಕೆಳಗಿಳಿದರೆ, ಮಾತು ತೊದಲಿದರೆ, ನಡಿಗೆ ತತ್ತರಿಸಿದರೆ, ಹಣೆ ಏನೇ ಹೇಳಲಿ, ಪಾರ್ಶ್ವವಾಯುವೆಂದೇ ಎಣಿಸಬೇಕು. ರಕ್ತದ ಸಕ್ಕರೆ ಇಳಿದಾಗಲೂ ಇಂತಹ ತೋರಿಕೆ ಉಂಟಾಗುವುದರಿಂದ ಅದನ್ನು ಒಡನೆಯೇ ಅಳೆಯಬೇಕು. ನುಂಗುವ ಶಕ್ತಿಯನ್ನು ಪರೀಕ್ಷಿಸುವ ತನಕ ಬಾಯಿಗೆ ನೀರು ಕೂಡ ಹಾಕಬಾರದು. ೯ ಮತ್ತು ೧೦ನೆಯ ನರಗಳು ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು.

ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು; ಅದಕ್ಕೆ ಮುಂಚೆ ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸಿ.ಟಿ. ಚಿತ್ರದಿಂದ ಖಚಿತವಾಗಬೇಕು. ಜಗಳೂರಿನಿಂದ ದಾವಣಗೆರೆಗೆ, ನ್ಯಾಮತಿ ಹೊನ್ನಾಳಿಗಳಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವ ದಾರಿಯೂ ಈ ಅವಧಿಯೊಳಗೇ ಸೇರಬೇಕಲ್ಲವೆ? ಲೆಕ್ಕ ಆರಂಭವಾಗುವುದು ರೋಗ ಕಣ್ಣಿಗೆ ಬಿದ್ದ ಗಳಿಗೆಯಿಂದಲ್ಲ, ರೋಗಿ ಚೆನ್ನಾಗಿದ್ದುದನ್ನು ಕಡೆಯ ಸಲ ಕಂಡ ಗಳಿಗೆಯಿಂದ. ರಾತ್ರಿ ೧೦ಕ್ಕೆ ಮಲಗಿದವನು ಬೆಳಿಗ್ಗೆ ೫ಕ್ಕೆ ಬಾಯಿ ಸೊಟ್ಟಗಾಗಿ ಎದ್ದರೆ, ದಾದಿಯು ಚೀಟಿಯಲ್ಲಿ ಬರೆಯಬೇಕಾದ ವೇಳೆ ೧೦. ಅವಧಿ ಮೀರಿತೆಂದು ಕೈಬಿಡುವ ಕಾರಣವೂ ಇಲ್ಲ: ಆಯ್ದ ಕೆಲವು ರೋಗಿಗಳಲ್ಲಿ ೨೪ ಗಂಟೆಗಳವರೆಗೂ ಹೆಪ್ಪನ್ನು ನಾಳದ ಮೂಲಕವೇ ಹೊರತೆಗೆಯಲು ಸಾಧ್ಯವಿದೆ.

ಬೆಲ್ಲನ ವ್ಯಾಧಿಯಲ್ಲಿ ಇಷ್ಟು ಧಾವಂತವಿಲ್ಲ. ಆದರೂ ಸ್ಟೀರಾಯ್ಡ್ ಔಷಧವನ್ನು ೭೨ ಗಂಟೆಗಳೊಳಗೆ ಆರಂಭಿಸಿದರೆ ಗುಣ ಹೆಚ್ಚು. ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ಹಗಲು ಹನಿಮದ್ದು, ರಾತ್ರಿ ಮುಲಾಮು ಹಾಕಿ ರೆಪ್ಪೆಯನ್ನು ಅಂಟುಪಟ್ಟಿಯಿಂದ ಮುಚ್ಚಿಡಬೇಕು. ಇದು ಪೂರ್ತಿ ದಾದಿಯ ಕೆಲಸ. ನಮ್ಮ ಅಭಿಪ್ರಾಯದಲ್ಲಿ ಎಲ್ಲರೂ ಮರೆಯುವ ಕೆಲಸವೂ ಹೌದು.

೭ನೆಯ ನರ ಸೋತರೆ ಕಣ್ಣು ಮುಚ್ಚಲಾಗುವುದಿಲ್ಲ. ೩ನೆಯದು ಸೋತರೆ ತೆರೆಯಲಾಗುವುದಿಲ್ಲ. ಈ ಭೇದ ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣಕ್ಕಾಗಿ ಮುಖ್ಯ. ಇದುವರೆಗೆ ನಾವು ಮುಖದ ಎರಡು ಅರ್ಧಗಳನ್ನು ಹೋಲಿಸಿದೆವು. ಎರಡೂ ಸಮನಾಗಿ ಸೋತರೆ ಈ ಹೋಲಿಕೆ ನಿಷ್ಫಲ. ತಕ್ಕಡಿ ಸಮವಾಗಿ ನಿಂತಿತೆಂದ ಮಾತ್ರಕ್ಕೆ ತಟ್ಟೆಗಳಲ್ಲಿ ತೂಕವಿದೆಯೆಂದು ಅರ್ಥವಲ್ಲವಷ್ಟೆ. ನೆಲದ ಮೇಲೆ ಮಲಗಿದ್ದ ಕೂಲಿಯಾಳು ಬೆಳಗಿನ ಜಾವ ಹೊಟ್ಟೆನೋವೆಂದು ಬಂದು, ಎರಡು ರೆಪ್ಪೆಗಳನ್ನೂ ಎತ್ತಲಾರದೆ ಕುಳಿತಿದ್ದರೆ, ಅದು ಲಕ್ವವೂ ಅಲ್ಲ, ನಿದ್ದೆಯೂ ಅಲ್ಲ, ಕಟ್ಟುಹಾವು ಕಚ್ಚಿರಬಹುದು. ಅದರ ಕಡಿತದಲ್ಲಿ ನೋವಾಗಲಿ ಗುರುತಾಗಲಿ ಕಾಣದಿರುವುದುಂಟು. ರೆಪ್ಪೆಯ ಬಳಿಕ ಗಂಟಲು, ಗಂಟಲಿನ ಬಳಿಕ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆಗ ದಾದಿಯು ವೈದ್ಯರನ್ನು ಕರೆಯಿಸಿ, ಉಸಿರು ತುಂಬುವ ಚೀಲವನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು, ಪ್ರತಿವಿಷವನ್ನು ಸಿದ್ಧಪಡಿಸುತ್ತಾಳೆ.